ಆಸ್ತಿ ಉಳಿಯಲಿ, ಹಕ್ಕೂ ಉಳಿಯಲಿ

ಮನುಷ್ಯನು ಜೀವಮಾನವಿಡೀ ದುಡಿದು ಸಂಪಾದಿಸಿದ ಸೊತ್ತು ಅವನ ಕೊನೆಯುಸಿರಿನೊಂದಿಗೆ ಅವನದಲ್ಲದಾಗುತ್ತದೆ. ಮನೆಯ ಬಾಗಿಲಲ್ಲಿ ಜನಾಝ ಇರುವಾಗಲೇ ಅವನ ಹೊಲ, ಮನೆ, ಅಂಗಡಿ, ಬ್ಯಾಂಕಿನ ಹಣ ಇವೆಲ್ಲವೂ ಬೇರೆಯವರದಾಗಿರುತ್ತವೆ. ಆ ಬೇರೆಯವರು ಯಾರು, ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ಅಲ್ಲಾಹನು ಹಿರಿಯ ಮಗನಿಗೂ ಕೊಟ್ಟಿಲ್ಲ, ಊರ ಪಂಚರಿಗೂ ಕೊಟ್ಟಿಲ್ಲ. ಅದನ್ನು ತನ್ನ ಬಳಿಯೇ ಇರಿಸಿಕೊಂಡಿದ್ದಾನೆ.

ಒಂದು ವಿಷಯವನ್ನು ಗಮನಿಸಿರಿ. ಐದು ಹೊತ್ತಿನ ನಮಾಝ್‌ನ ರಕಅತ್‌ಗಳು ಎಷ್ಟೆಂದು ಪವಿತ್ರ ಕುರ್‌ಆನಿನಲ್ಲಿ ಎಣಿಸಿ ಹೇಳಲಾಗಿಲ್ಲ. ಝಕಾತ್‌ನ ಪ್ರಮಾಣವನ್ನೂ ಅಲ್ಲಿ ವಿವರಿಸಲಾಗಿಲ್ಲ. ಅವುಗಳನ್ನು ನಾವು ಪ್ರವಾದಿವರ್ಯರ(ಸ) ಬೋಧನೆಯಿಂದ ಕಲಿತೆವು. ಆದರೆ ವಾರಸು ಹಕ್ಕಿನ ಪಾಲುಗಳನ್ನು ಅರ್ಧ, ಕಾಲು, ಎಂಟನೆಯ ಒಂದು, ಮೂರನೆಯ ಎರಡು, ಮೂರನೆಯ ಒಂದು, ಆರನೆಯ ಒಂದು ಎಂದು ಕುರ್‌ಆನ್ ಸ್ವತಃ ಲೆಕ್ಕ ಹಾಕಿ ಕೊಟ್ಟಿದೆ (ಅನ್ನಿಸಾ: 11, 12, 176). ಆ ಲೆಕ್ಕ ಮುಗಿದ ಕೂಡಲೇ, ಇವು ಅಲ್ಲಾಹನ ಮೇರೆಗಳು, ಇವುಗಳನ್ನು ಮೀರುವವನಿಗೆ ನರಕವಿದೆ ಎಂಬ ಎಚ್ಚರಿಕೆಯೂ ಬಂದಿದೆ (ಅನ್ನಿಸಾ: 13, 14). ಹೀಗಿರುವಾಗ, ನಮಾಝ್‌ನ ಸಫ್ಫ್ ನೇರವಿದೆಯೇ ಎಂದು ನೋಡುವ ನಾವು ಹೊಲದ ಪಾಲು ನೇರವಿದೆಯೇ ಎಂದು ನೋಡದಿದ್ದರೆ ಹೇಗೆ?

ಅಲ್ಲಾಹನೇ ಮಾಡಿದ ಪಾಲು

ಉಹುದ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರ ಸೊತ್ತನ್ನೆಲ್ಲ ಅವರ ಸಹೋದರ ತೆಗೆದುಕೊಂಡ. ಅಂದಿನ ಅರಬರ ಪದ್ಧತಿಯಂತೆ ಕುದುರೆಯೇರಿ ಕಾದಾಡಬಲ್ಲ ಗಂಡಸಿಗೆ ಮಾತ್ರ ವಾರಸು. ಸಅದ್‌ರ(ರ) ವಿಧವೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದರು. ತಂದೆ ಹೋದರು, ಸೊತ್ತೂ ಹೋಯಿತು, ಬರಿಗೈಯ ಈ ಮಕ್ಕಳನ್ನು ಮದುವೆಯಾಗುವವರು ಯಾರು ಎಂಬುದು ಆ ತಾಯಿಯ ಅಳಲಾಗಿತ್ತು. ಅಲ್ಲಾಹನೇ ಇದನ್ನು ತೀರ್ಮಾನಿಸುವನೆಂದು ಪ್ರವಾದಿವರ್ಯರು(ಸ) ತಿಳಿಸಿದರು. ವಾರಸಿನ ಸೂಕ್ತಗಳು ಅವತೀರ್ಣವಾದವು. ಆಗ ಅವರು ಆ ಸಹೋದರನನ್ನು ಕರೆಸಿ, ಇಬ್ಬರು ಹೆಣ್ಣುಮಕ್ಕಳಿಗೆ ಮೂರನೆಯ ಎರಡು ಭಾಗವನ್ನೂ ಅವರ ತಾಯಿಗೆ ಎಂಟನೆಯ ಒಂದು ಭಾಗವನ್ನೂ ಕೊಡಿಸಿದರು. ಉಳಿದದ್ದಷ್ಟೇ ಅವನದಾಯಿತು. ಸೊತ್ತನ್ನು 24 ಭಾಗ ಮಾಡಿದರೆ ಮಕ್ಕಳಿಗೆ 16, ತಾಯಿಗೆ 3, ಅವನಿಗೆ 5.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಹಕ್ಕನ್ನು ಕೇಳಿಕೊಂಡು ಬಂದ ಆ ಮಹಿಳೆಯನ್ನು ಯಾರೂ ದುರಾಸೆಯವಳೆಂದು ಜರೆಯಲಿಲ್ಲ. ಹಾಗೆಯೇ ಆ ಸಹೋದರನನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಅಲ್ಲಾಹನ ತಕ್ಕಡಿಯಲ್ಲಿ ಯಾರ ಹಕ್ಕೂ ಹೆಚ್ಚಲಿಲ್ಲ, ಯಾರದೂ ಕುಂದಲಿಲ್ಲ.

ಎಂಟು ಎಕರೆ ಗದ್ದೆಯ ಲೆಕ್ಕ

ಮದೀನಾದ ಆ ತೀರ್ಪು ನಮ್ಮ ಹೊಲಗದ್ದೆಗಳಲ್ಲಿ ಹೇಗೆ ಜಾರಿಯಾಗುತ್ತದೆಂಬುದನ್ನು ನೋಡೋಣ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಂತಹ ಊರನ್ನೇ ತೆಗೆದುಕೊಳ್ಳಿರಿ. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆಯಿಂದ ಈ ತಾಲೂಕಿಗೆ ನೀರು ಬಂದ ಮೇಲೆ ಒಣಭೂಮಿ ಭತ್ತದ ಗದ್ದೆಯಾಯಿತು. ಅಜ್ಜನ ಕಾಲದಲ್ಲಿ ಯಾರೂ ಕೇಳದಿದ್ದ ನೆಲಕ್ಕೆ ಬೆಲೆ ಬಂತು. ಬೆಲೆ ಬಂದ ಕಡೆ ಆಸೆಯೂ ಬರುತ್ತದೆ, ಪರೀಕ್ಷೆಯೂ ಬರುತ್ತದೆ.

ಇಲ್ಲಿನ ಒಬ್ಬ ರೈತನಿಗೆ ಎಂಟು ಎಕರೆ ಗದ್ದೆಯಿದೆ ಎಂದು ಉದಾಹರಣೆಗೆ ಭಾವಿಸೋಣ. ಅವನು ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡ. ತಂದೆ ತಾಯಿ ಮೊದಲೇ ಹೋಗಿದ್ದಾರೆ. ಪತ್ನಿಗೆ ಎಂಟನೆಯ ಒಂದು ಪಾಲು, ಅಂದರೆ ಒಂದು ಎಕರೆ. ಉಳಿದ ಏಳು ಎಕರೆಯನ್ನು ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂಬ ಪ್ರಮಾಣದಲ್ಲಿ ಐದು ಭಾಗ ಮಾಡಬೇಕು. ಪ್ರತಿಯೊಬ್ಬ ಮಗನಿಗೆ 2 ಎಕರೆ 80 ಸೆಂಟು, ಮಗಳಿಗೆ 1 ಎಕರೆ 40 ಸೆಂಟು. ಇದು ಐದನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ. ಆದರೂ ಎಷ್ಟು ಮನೆಗಳಲ್ಲಿ ಈ ಲೆಕ್ಕವನ್ನು ಮಾಡಲಾಗುತ್ತದೆ?

ಮಾಡದಿರಲು ಕಾರಣಗಳನ್ನು ಹುಡುಕಲಾಗುತ್ತದೆ. “ಅವಳ ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡಿದ್ದೇವೆ” ಎನ್ನುತ್ತಾರೆ. ಮದುವೆಯ ಊಟ ಉಂಡವರು ಊರವರು. ಅದು ಮಗಳ ವಾರಸು ಹೇಗಾದೀತು? ವರದಕ್ಷಿಣೆಯೆಂಬ ಪಿಡುಗಿಗೆ ಕೊಟ್ಟ ಹಣ ಹೋದದ್ದು ಬೀಗರ ಮನೆಗೆ. ಒಂದು ತಪ್ಪನ್ನು ತೋರಿಸಿ ಇನ್ನೊಂದು ತಪ್ಪನ್ನು ಮುಚ್ಚಲಾಗದು. “ಅವಳೇ ಬೇಡವೆಂದಳು” ಎಂದು ಮತ್ತೆ ಕೆಲವರು ಹೇಳುತ್ತಾರೆ. ಬೇಡವೆನ್ನದಿದ್ದರೆ ತವರಿನ ಬಾಗಿಲು ಮುಚ್ಚುವುದೆಂಬ ಭಯದಿಂದ ಆಡಿದ ಮಾತು ಸಮ್ಮತಿಯಲ್ಲ. ಮೊದಲು ಅವಳ ಪಾಲನ್ನು ಅವಳ ಹೆಸರಿಗೆ ಮಾಡಿ, ಪಹಣಿಯನ್ನು ಅವಳ ಕೈಗೆ ಕೊಡಿರಿ. ಆ ಬಳಿಕವೂ ಅವಳು ಮನಃಪೂರ್ವಕವಾಗಿ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಬಿಟ್ಟುಕೊಡದಿದ್ದರೆ ಅದು ಅವಳ ಹಕ್ಕು. ಅವಳ ಪಾಲಿನ ಗದ್ದೆಯನ್ನು ನೀವೇ ಉಳುತ್ತೀರಾದರೆ, ಬೇರೆಯವರಿಗೆ ಕೊಡುವಂತೆಯೇ ಪ್ರತಿ ಬೆಳೆಗೂ ಗುತ್ತಿಗೆಯನ್ನು ಅವಳ ಮನೆಗೆ ಮುಟ್ಟಿಸಿರಿ.

“ಹೊಲದ ವಿಷಯದಲ್ಲಿ ಶರೀಅತ್ ಇಲ್ಲ, ಅದು ಸರಕಾರದ ಕಾಯಿದೆ” ಎನ್ನುವವರೂ ಇದ್ದಾರೆ. 1937ರ ಶರೀಅತ್ ಕಾಯಿದೆಯಲ್ಲಿ ಕೃಷಿಭೂಮಿಯನ್ನು ಹೊರಗಿಡಲಾಗಿದ್ದುದು ನಿಜ. ಆದರೆ 1949ರಲ್ಲಿ ಮದ್ರಾಸ್ ಪ್ರಾಂತ್ಯವು ತಿದ್ದುಪಡಿಯ ಮೂಲಕ ಆ ವಿನಾಯಿತಿಯನ್ನು ತೆಗೆದುಹಾಕಿತು. 1953ರ ಅಕ್ಟೋಬರ್‌ನಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಬಳ್ಳಾರಿ ಇದ್ದುದು ಅದೇ ಮದ್ರಾಸಿನಲ್ಲಿ. ಇನ್ನು ಅಲ್ಲಾಹನ ಮುಂದೆ ನಿಲ್ಲುವಾಗ ಈ ನೆಪ ಎಲ್ಲಿ ನಡೆದೀತು? ಬಿಟ್ಟುಹೋದ ಸೊತ್ತು ಕಡಿಮೆಯಿರಲಿ ಹೆಚ್ಚಿರಲಿ, ಅದರಲ್ಲಿ ಗಂಡಸರಿಗೂ ಹೆಂಗಸರಿಗೂ ಪಾಲಿದೆಯೆಂದು ಕುರ್‌ಆನ್ ಸಾರಿದೆ (ಅನ್ನಿಸಾ: 7). ಗದ್ದೆಯನ್ನು ಅದು ಬೇರೆಯಾಗಿಸಿಲ್ಲ.

ತಂದೆ ತೀರಿದ ಮೇಲೆ ಪೌತಿ ಖಾತೆಗಾಗಿ ನಾಡಕಚೇರಿಗೆ ಅರ್ಜಿ ಹೋಗುತ್ತದೆ. ಮರಣ ಪ್ರಮಾಣಪತ್ರದೊಂದಿಗೆ ವಂಶವೃಕ್ಷವನ್ನು ಕೊಡಬೇಕಾಗುತ್ತದೆ. ಆ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನೇ ಬಿಟ್ಟು, ಗಂಡುಮಕ್ಕಳು ಮಾತ್ರ ಇದ್ದಾರೆಂದು ಬರೆದು ಸಹಿ ಹಾಕುವವರಿದ್ದಾರೆ. ಸಹೋದರರೇ, ಇದು ಬರಿಯ ಕಚೇರಿಯ ಕಾಗದವಲ್ಲ. ಇದು ಸುಳ್ಳು ಸಾಕ್ಷ್ಯ. ಒಂದೇ ತಾಯಿಯ ಹಾಲು ಕುಡಿದವಳನ್ನು ಹುಟ್ಟೇ ಇಲ್ಲವೆಂದು ಬರೆದುಕೊಟ್ಟಂತೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಸಿದ್ಧವಾಗದೆಂದು ನ್ಯಾಯಾಲಯಗಳೇ ಹೇಳಿವೆ. ಅನ್ಯಾಯವಾಗಿ ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಪುನರುತ್ಥಾನ ದಿನ ಏಳು ಭೂಮಿಗಳ ಹೊರೆ ಬೀಳುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. 1 ಎಕರೆ 40 ಸೆಂಟಿನಲ್ಲಿ ಎಷ್ಟು ಗೇಣುಗಳಿವೆಯೆಂದು ಎಣಿಸಿದ್ದೀರಾ?

ವಸಿಯ್ಯತ್ ಯಾತಕ್ಕೆ?

ಪಾಲನ್ನು ಅಲ್ಲಾಹನೇ ಮಾಡಿದ ಮೇಲೆ ನಮಗೆ ಬರೆಯಲು ಉಳಿದದ್ದೇನು ಎಂದು ನೀವು ಕೇಳಬಹುದು. ಬಹಳಷ್ಟು ಉಳಿದಿದೆ. ಬರೆದಿಡಬೇಕಾದ ವಿಷಯವಿರುವ ಮುಸ್ಲಿಮನು ವಸಿಯ್ಯತ್ ಬರೆದಿಡದೆ ಎರಡು ರಾತ್ರಿ ಕಳೆಯುವುದು ಸರಿಯಲ್ಲವೆಂದು ಪ್ರವಾದಿವರ್ಯರು(ಸ) ಬೋಧಿಸಿದರು. ಅದನ್ನು ಕೇಳಿದ ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಅಂದಿನಿಂದ ಒಂದು ರಾತ್ರಿಯನ್ನೂ ಹಾಗೆ ಕಳೆಯಲಿಲ್ಲ.

ವಸಿಯ್ಯತ್‌ಗೆ ಎರಡು ಬೇಲಿಗಳಿವೆ. ಒಂದು, ಸೊತ್ತಿನ ಮೂರನೆಯ ಒಂದು ಭಾಗವನ್ನು ಅದು ಮೀರಬಾರದು. ಎರಡು, ವಾರಸು ಪಾಲು ಪಡೆಯುವವನಿಗೆ ವಸಿಯ್ಯತ್ ಇಲ್ಲ. ಉಳಿದ ವಾರೀಸುದಾರರು ಅವನ ಮರಣದ ಬಳಿಕ ಮನಸಾರೆ ಒಪ್ಪಿದರೆ ಮಾತ್ರ ಈ ಬೇಲಿಗಳನ್ನು ದಾಟಬಹುದೆಂಬುದು ಹನಫೀ ವಿದ್ವಾಂಸರ ಅಭಿಪ್ರಾಯ. ಆದ್ದರಿಂದ ಎಲ್ಲ ಗದ್ದೆಯೂ ಗಂಡುಮಕ್ಕಳಿಗೆ ಎಂದು ಬರೆದ ಉಯಿಲು, ಅದಕ್ಕೆ ಎಷ್ಟೇ ಮೊಹರುಗಳಿದ್ದರೂ, ಮಗಳ ಹಕ್ಕನ್ನು ಅಳಿಸದು.

ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರ ಅಸ್ವಸ್ಥರಾಗಿದ್ದಾಗ ಅವರಿಗೆ ಇದ್ದುದು ಒಬ್ಬಳೇ ಮಗಳು. ಸೊತ್ತಿನ ಮೂರನೆಯ ಎರಡು ಭಾಗವನ್ನು ದಾನ ಮಾಡಲೇ ಎಂದು ಕೇಳಿದರು. ಪ್ರವಾದಿವರ್ಯರು(ಸ) ಬೇಡವೆಂದರು. ಅರ್ಧವೇ? ಅದೂ ಬೇಡವೆಂದರು. ಮೂರನೆಯ ಒಂದಕ್ಕೆ ಒಪ್ಪಿದರು, ಅದೂ ಹೆಚ್ಚೇ ಎಂದರು. ವಾರೀಸುದಾರರು ಜನರ ಮುಂದೆ ಕೈಯೊಡ್ಡುವಂತೆ ಬಿಟ್ಟುಹೋಗುವುದಕ್ಕಿಂತ ಅವರನ್ನು ಅನುಕೂಲದಲ್ಲಿ ಬಿಟ್ಟುಹೋಗುವುದು ಲೇಸೆಂದು ತಿಳಿಸಿದರು. ಕುಟುಂಬದ ಆಸ್ತಿಯ ರಕ್ಷಣೆ ದೀನ್‌ಗೆ ಹೊರತಾದ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ?

ಹಾಗಾದರೆ ಆ ಮೂರನೆಯ ಒಂದು ಭಾಗ ಯಾರಿಗೆ? ಮೊದಲು ನಿಮ್ಮ ಮನೆಯೊಳಗೇ ನೋಡಿರಿ. ತಂದೆಯನ್ನು ಕಳೆದುಕೊಂಡ ಮೊಮ್ಮಕ್ಕಳು ಅಲ್ಲಿರಬಹುದು. ಅಜ್ಜನು ಬದುಕಿರುವಾಗಲೇ ಅವರ ತಂದೆ ತೀರಿಹೋಗಿ, ಅಜ್ಜನಿಗೆ ಬೇರೆ ಗಂಡುಮಕ್ಕಳಿದ್ದರೆ ಆ ಮೊಮ್ಮಕ್ಕಳಿಗೆ ವಾರಸು ಪಾಲು ಬರುವುದಿಲ್ಲ. ಇದನ್ನೇ ಹಿಡಿದು ಶರೀಅತ್ತಿನ ಮೇಲೆ ಆರೋಪ ಹೊರಿಸುವವರಿದ್ದಾರೆ. ಶರೀಅತ್ ಅವರಿಗೆ ವಸಿಯ್ಯತ್‌ನ ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲನ್ನು ಮುಚ್ಚಿಟ್ಟವರು ನಾವು. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳಿಗೆ ವಸಿಯ್ಯತ್ತನ್ನು ಕಾಯಿದೆಯ ಮೂಲಕ ಕಡ್ಡಾಯ ಮಾಡಿತು. ಪಾಕಿಸ್ತಾನ 1961ರಲ್ಲಿ ಬೇರೊಂದು ದಾರಿ ಹಿಡಿದು ಅವರಿಗೆ ಅವರ ತಂದೆಯ ಪಾಲನ್ನೇ ಕೊಟ್ಟಿತು. ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ದೇಶದಲ್ಲಿ ಇವೆರಡೂ ಇಲ್ಲ. ಇಲ್ಲಿ ಆ ಮಕ್ಕಳ ಭವಿಷ್ಯ ಇರುವುದು ಅಜ್ಜನ ಲೇಖನಿಯಲ್ಲಿ.

ಅದೇ ಎಂಟು ಎಕರೆಯ ಮನೆಯನ್ನು ಮತ್ತೆ ನೋಡೋಣ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ, ಮೂರು ಚಿಕ್ಕ ಮಕ್ಕಳನ್ನು ಬಿಟ್ಟು ತಂದೆಗಿಂತ ಮೊದಲೇ ತೀರಿಕೊಂಡ ಎನ್ನೋಣ. ಅಜ್ಜ ಏನನ್ನೂ ಬರೆಯದೆ ಹೋದರೆ ಆ ಮಕ್ಕಳಿಗೆ ಒಂದು ಸೆಂಟೂ ಇಲ್ಲ. ಅಜ್ಜನು ಎರಡು ಎಕರೆಯನ್ನು ಅವರಿಗೆ ವಸಿಯ್ಯತ್ ಮಾಡಿದರೆ ಅದು ಮೂರನೆಯ ಒಂದು ಭಾಗದ ಒಳಗೇ ಇದೆ, ಯಾರ ಒಪ್ಪಿಗೆಯೂ ಬೇಕಿಲ್ಲ. ಉಳಿದ ಆರು ಎಕರೆಯಲ್ಲಿ ಅಜ್ಜಿಗೆ 75 ಸೆಂಟು, ಮಗನಿಗೆ 3 ಎಕರೆ 50 ಸೆಂಟು, ಮಗಳಿಗೆ 1 ಎಕರೆ 75 ಸೆಂಟು. ಎಲ್ಲರಿಗೂ ಅನ್ನವಿದೆ. ಎಲ್ಲರ ಅನ್ನವೂ ಒಂದು ಹಾಳೆ ಕಾಗದದ ಮೇಲೆ ನಿಂತಿದೆ.

ಸಾಲ, ಮಹ್ರ್, ಅಮಾನತ್

ಪಾಲಿಗಿಂತ ಮೊದಲು ಕಫನ್-ದಫನ್, ನಂತರ ಸಾಲ, ಅನಂತರ ವಸಿಯ್ಯತ್, ಕೊನೆಗೆ ವಾರಸು. ಈ ಕ್ರಮವನ್ನು ಬದಲಿಸುವಂತಿಲ್ಲ. ಸಾಲವಿದ್ದ ಒಬ್ಬರ ಜನಾಝ ನಮಾಝ್‌ಗೆ ಪ್ರವಾದಿವರ್ಯರು(ಸ) ಮುಂದೆ ಬರಲಿಲ್ಲ. ಹಝ್ರತ್ ಅಬೂ ಕತಾದಾ(ರ) ಆ ಸಾಲವನ್ನು ತಾನು ತೀರಿಸುವೆನೆಂದು ಹೊತ್ತುಕೊಂಡ ಮೇಲೆಯೇ ನಮಾಝ್ ಮಾಡಿಸಿದರು.

ಸಾಲ ಎಂದೊಡನೆ ನಮಗೆ ನೆನಪಾಗುವುದು ಬ್ಯಾಂಕು, ಸೊಸೈಟಿ, ಗೊಬ್ಬರದಂಗಡಿ. ಆದರೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ. ಬಿತ್ತನೆಯ ಖರ್ಚಿಗೆಂದು ಹೆಂಡತಿಯ ಬಂಗಾರವನ್ನು ಅಡವಿಟ್ಟು ಬಿಡಿಸಿಕೊಡದಿದ್ದರೆ ಅದೂ ಸಾಲವೇ. ನೆರೆಯವರು ಹಜ್ಜ್‌ಗಾಗಿ ಕೂಡಿಸಿ ನಿಮ್ಮ ಬಳಿ ಇಟ್ಟ ಹಣ ಅಮಾನತ್. ಇವು ಯಾವುವೂ ಪಹಣಿಯಲ್ಲಿ ಇರುವುದಿಲ್ಲ. ನೀವು ಬರೆಯದಿದ್ದರೆ ನಿಮ್ಮ ಮಕ್ಕಳಿಗೆ ತಿಳಿಯುವುದಿಲ್ಲ, ತಿಳಿಯದ ಸಾಲವನ್ನು ಅವರು ತೀರಿಸುವುದಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಲು ಆಜ್ಞಾಪಿಸುವ ಸೂಕ್ತವೇ ಕುರ್‌ಆನಿನ ಅತಿ ದೀರ್ಘ ಸೂಕ್ತವಾಗಿದೆ (ಅಲ್‌ಬಕರಃ: 282). ಬ್ಯಾಂಕಿನ ಠೇವಣಿಗೆ ನಾಮಿನಿ ಮಾಡಿದ ಮಾತ್ರಕ್ಕೆ ಆ ಹಣ ಅವನೊಬ್ಬನದಾಗದೆಂಬುದನ್ನೂ ಮನೆಯಲ್ಲಿ ಹೇಳಿಡಿರಿ. ನಾಮಿನಿಗೆ ಹಣ ಪಡೆಯುವ ಅಧಿಕಾರವಷ್ಟೇ ಇದೆ. ಅದರ ಒಡೆಯರು ವಾರೀಸುದಾರರು.

ಬದುಕಿರುವಾಗಲೇ ಕೊಡುವುದಾದರೆ

ಬದುಕಿರುವಾಗ ತನ್ನ ಸೊತ್ತನ್ನು ದಾನವಾಗಿ, ಅಂದರೆ ಹಿಬಾ ಆಗಿ ಕೊಡಲು ಪ್ರತಿಯೊಬ್ಬನಿಗೂ ಅಧಿಕಾರವಿದೆ. ಇಲ್ಲಿಯೂ ಎರಡು ಎಚ್ಚರಿಕೆಗಳು ಬೇಕು. ಹಝ್ರತ್ ಬಶೀರ್(ರ) ತಮ್ಮ ಮಗ ನುಅ್‌ಮಾನ್‌ರಿಗೆ(ರ) ಒಂದು ದಾನ ಕೊಟ್ಟು ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೋರಿದರು. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಅವರು ವಿಚಾರಿಸಿದರು. ಇಲ್ಲವೆಂದಾಗ ಅನ್ಯಾಯಕ್ಕೆ ಸಾಕ್ಷಿಯಾಗಲು ನಿರಾಕರಿಸಿದರು. ಬಶೀರ್(ರ) ಕೊಟ್ಟದ್ದನ್ನು ಹಿಂದಕ್ಕೆ ಪಡೆದರು.

ಎರಡನೆಯದಾಗಿ, ದಾನವೆಂದು ಘೋಷಿಸಬೇಕು, ಪಡೆಯುವವನು ಸ್ವೀಕರಿಸಬೇಕು, ಸೊತ್ತು ಅವನ ವಶಕ್ಕೆ ಹೋಗಬೇಕು. ಈ ಮೂರೂ ಆದರೆ ಮಾತ್ರ ಹಿಬಾ ಪೂರ್ಣ. ಹಝ್ರತ್ ಅಬೂಬಕರ್(ರ) ಮಗಳು ಆಯಿಶಾರಿಗೆ(ರ) ತಮ್ಮ ತೋಟದ 20 ವಸಕ್ ಖರ್ಜೂರವನ್ನು ಕೊಟ್ಟಿದ್ದರು. ಆದರೆ ಅವರು ಅದನ್ನು ಕೊಯ್ದು ವಶಕ್ಕೆ ಪಡೆದಿರಲಿಲ್ಲ. ಮರಣಶಯ್ಯೆಯಲ್ಲಿ ಆ ತಂದೆಯು ಪ್ರೀತಿಯ ಮಗಳಿಗೆ, ಅದು ಈಗ ವಾರೀಸುದಾರರ ಸೊತ್ತಾಗಿದೆ, ನಿನ್ನ ಸಹೋದರ ಸಹೋದರಿಯರೊಂದಿಗೆ ಕುರ್‌ಆನಿನಂತೆ ಹಂಚಿಕೊಳ್ಳಬೇಕು ಎಂದು ತಿಳಿಸಿದರು. ಪತ್ರವನ್ನು ಮಗನ ಹೆಸರಿಗೆ ಬರೆದು ಗದ್ದೆಯನ್ನು ಕೊನೆಯವರೆಗೆ ತಾನೇ ಅನುಭವಿಸುವವರು ಈ ಘಟನೆಯನ್ನು ನೆನಪಿಟ್ಟುಕೊಳ್ಳಲಿ. ಸಾವಿನ ಹಾಸಿಗೆಯಲ್ಲಿ ಕೊಟ್ಟ ದಾನಕ್ಕೆ ವಸಿಯ್ಯತ್‌ನ ಬೇಲಿಗಳೇ ಅನ್ವಯಿಸುತ್ತವೆ ಎಂಬುದನ್ನೂ ತಿಳಿದಿರಲಿ.

ಚಿಕ್ಕ ಮಕ್ಕಳ ಸೊತ್ತು

ಎಳೆಯ ಮಕ್ಕಳನ್ನು ಬಿಟ್ಟು ತಂದೆ ತೀರಿಕೊಂಡಾಗ ಅವರ ಪಾಲನ್ನು ಯಾರು ನೋಡಿಕೊಳ್ಳಬೇಕು? ನಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರು ತಾವಾಗಿಯೇ ಯಜಮಾನರಾಗಿಬಿಡುತ್ತಾರೆ. ಆದರೆ ಫಿಕ್‌ಹ್‌ನ ಪ್ರಕಾರ ತಂದೆಯ ನಂತರ ಆ ಅಧಿಕಾರ ಇರುವುದು ತಂದೆ ನೇಮಿಸಿದ ವಸೀಗೆ, ಆಮೇಲೆ ತಂದೆಯ ತಂದೆಗೆ, ಆಮೇಲೆ ಅವರು ನೇಮಿಸಿದ ವಸೀಗೆ. ಇವರಾರೂ ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯವು ಪಾಲಕರನ್ನು ನೇಮಿಸಬೇಕು. ಚಿಕ್ಕಪ್ಪನಿಗೆ ಆ ಸೊತ್ತನ್ನು ಮಾರುವ ಅಧಿಕಾರ ತಾನಾಗಿ ಬರುವುದಿಲ್ಲ. ತಾಯಿಗೂ ಬರುವುದಿಲ್ಲ. ಆದರೆ ತಂದೆಯು ತನ್ನ ವಸಿಯ್ಯತ್‌ನಲ್ಲಿ ಮಕ್ಕಳ ತಾಯಿಯನ್ನೇ ವಸೀ ಆಗಿ ನೇಮಿಸಬಹುದು. ಎಷ್ಟು ಜನ ತರುಣ ತಂದೆಯರಿಗೆ ಇದು ಗೊತ್ತಿದೆ? ಈ ಒಂದು ವಾಕ್ಯ ನಿಮ್ಮ ಪತ್ನಿಯನ್ನು ಬಾಗಿಲಿಂದ ಬಾಗಿಲಿಗೆ ಅಲೆಯದಂತೆ ಕಾಪಾಡಬಲ್ಲದು. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ತಮ್ಮ ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂಬ ಕುರ್‌ಆನಿನ ಎಚ್ಚರಿಕೆ (ಅನ್ನಿಸಾ: 10) ವಾರಸಿನ ಸೂಕ್ತದ ಹೊಸ್ತಿಲಲ್ಲೇ ಇದೆ.

ವಕ್ಫ್: ಉಮರ್‌ರ(ರ) ಮಾದರಿ

ಹಝ್ರತ್ ಉಮರ್‌ರಿಗೆ(ರ) ಖೈಬರ್‌ನಲ್ಲಿ ಒಳ್ಳೆಯ ಜಮೀನು ದೊರೆತಾಗ ಅದನ್ನೇನು ಮಾಡಲಿ ಎಂದು ಪ್ರವಾದಿವರ್ಯರನ್ನು(ಸ) ಕೇಳಿದರು. ಮೂಲವನ್ನು ಉಳಿಸಿ ಅದರ ಫಲವನ್ನು ದಾನ ಮಾಡುವ ದಾರಿಯನ್ನು ಅವರು ತೋರಿಸಿದರು. ಆ ಜಮೀನನ್ನು ಮಾರಬಾರದು, ದಾನ ಕೊಡಬಾರದು, ಅದು ವಾರಸಿಗೂ ಬರಬಾರದು ಎಂಬ ಷರತ್ತಿನೊಂದಿಗೆ ಬಡವರಿಗೂ ಬಂಧುಗಳಿಗೂ ಪ್ರಯಾಣಿಕರಿಗೂ ಅದನ್ನು ಮೀಸಲಿಡಲಾಯಿತು. ನೋಡಿಕೊಳ್ಳುವವನು ಮಿತವಾಗಿ ಉಣ್ಣಬಹುದು, ಕೂಡಿಡಬಾರದು ಎಂದೂ ಬರೆಸಿದರು. ಅದರ ಉಸ್ತುವಾರಿಯನ್ನು ತಮ್ಮ ಬಳಿಕ ಮಗಳು ಹಫ್ಸಾರಿಗೆ(ರ) ವಹಿಸಿದರು. ಹೆಣ್ಣಿಗೆ ಹೊಲದ ವ್ಯವಹಾರ ತಿಳಿಯದೆನ್ನುವವರು ಇದನ್ನು ಓದಲಿ.

ಮಕ್ಕಳು ಮೊಮ್ಮಕ್ಕಳ ಹಿತಕ್ಕಾಗಿ ಮಾಡುವ ವಕ್ಫ್ ಅಲಲ್ ಔಲಾದ್‌ಗೂ ನಮ್ಮ ದೇಶದಲ್ಲಿ 1913ರ ಕಾಯಿದೆಯಿಂದ ಮಾನ್ಯತೆ ದೊರೆಯಿತು. ಆದರೆ ಹೆಣ್ಣುಮಕ್ಕಳನ್ನು ಹೊರಗಿಡಲು ಅದನ್ನು ಬೇಲಿಯಾಗಿ ಬಳಸಿದವರೂ ಇದ್ದರು. ಇಂಥ ವಕ್ಫ್‌ನಿಂದ ಮಹಿಳೆಯರೂ ಸೇರಿದಂತೆ ವಾರೀಸುದಾರರ ಹಕ್ಕು ನಷ್ಟವಾಗಕೂಡದೆಂದು, ಲಿಖಿತ ವಕ್ಫ್ ಪತ್ರವಿಲ್ಲದೆ ಹೊಸ ವಕ್ಫ್ ಮಾಡಲಾಗದೆಂದು 2025ರ ವಕ್ಫ್ ತಿದ್ದುಪಡಿ ಕಾಯಿದೆ ಹೇಳುತ್ತದೆ. ಆ ಕಾಯಿದೆಯ ಇತರ ಕೆಲವು ಅಂಶಗಳಿಗೆ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿದೆ. ಅದರ ಬಗ್ಗೆ ಸಮುದಾಯಕ್ಕಿರುವ ಆಕ್ಷೇಪಗಳು ಬೇರೆ ಮಾತು. ಮಗಳ ಹಕ್ಕನ್ನು ನೆನಪಿಸಲು ನಮಗೆ ಸಂಸತ್ತಿನ ಕಾಯಿದೆ ಬೇಕಾಯಿತೇ ಎಂಬುದು ನಾಚಿಕೆಯ ಮಾತು.

ಇಂದೇ ಆರಂಭಿಸಿರಿ

ಒಂದು ಕಾಗದ ತೆಗೆದುಕೊಳ್ಳಿರಿ. ನಿಮ್ಮ ಜಮೀನಿನ ಸರ್ವೆ ನಂಬರುಗಳನ್ನೂ ಮನೆ, ಬ್ಯಾಂಕು ಖಾತೆಗಳನ್ನೂ ಬರೆಯಿರಿ. ಕೊಡಬೇಕಾದ ಸಾಲ, ಬರಬೇಕಾದ ಹಣ, ಉಳಿದ ಮಹ್ರ್, ಇತರರ ಅಮಾನತ್ ಇವನ್ನು ಬರೆಯಿರಿ. ವಾರೀಸುದಾರರೆಲ್ಲರ ಹೆಸರನ್ನು, ಹೆಣ್ಣುಮಕ್ಕಳನ್ನು ಬಿಡದೆ, ನಿಮ್ಮ ಕೈಯಿಂದಲೇ ಬರೆಯಿರಿ. ವಾರಸು ಬಾರದ ಮೊಮ್ಮಗು, ಬಡ ಬಂಧು ಅಥವಾ ಮದ್ರಸಕ್ಕೆ ಮೂರನೆಯ ಒಂದು ಭಾಗದೊಳಗೆ ಏನು ಕೊಡುವಿರೆಂದು ನಿರ್ಧರಿಸಿರಿ. ಚಿಕ್ಕ ಮಕ್ಕಳಿದ್ದರೆ ವಸೀಯನ್ನು ನೇಮಿಸಿರಿ. ನ್ಯಾಯವಂತರಾದ ಇಬ್ಬರನ್ನು ಸಾಕ್ಷಿ ಮಾಡಿರಿ (ಅಲ್‌ಮಾಇದಃ: 106). ನಿಮ್ಮ ಮಸ್ಲಕ್ ಬಲ್ಲ ಒಬ್ಬ ಆಲಿಮ್‌ಗೂ ಒಬ್ಬ ವಕೀಲರಿಗೂ ತೋರಿಸಿರಿ. ಉಯಿಲಿನ ನೋಂದಣಿ ಕಡ್ಡಾಯವಲ್ಲ, ಅದಕ್ಕೆ ಛಾಪಾ ಕಾಗದವೂ ಬೇಕಿಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ನಾಳೆ ಜಗಳಕ್ಕೆ ಎಡೆ ಕಡಿಮೆ. ಜೀವವಿರುವ ತನಕ ಅದನ್ನು ಬದಲಿಸುವ ಅಧಿಕಾರ ನಿಮಗಿದ್ದೇ ಇದೆ. ನಿಮ್ಮ ಬಳಿಕ ಅದನ್ನು ತಿರುಚುವವರ ಮೇಲೆ ಅದರ ಪಾಪವಿದೆ (ಅಲ್‌ಬಕರಃ: 181).

ಗದ್ದೆ ತುಂಡಾಗುತ್ತದೆಂಬ ಚಿಂತೆ ನಿಮಗಿರಬಹುದು. ಪಾಲು ಕೊಟ್ಟ ಮೇಲೂ ಅಣ್ಣತಂಗಿಯರು ಒಪ್ಪಿ ಒಟ್ಟಿಗೆ ಬೇಸಾಯ ಮಾಡಬಹುದು, ಒಬ್ಬರ ಪಾಲನ್ನು ಇನ್ನೊಬ್ಬರು ನ್ಯಾಯವಾದ ಬೆಲೆಗೆ ಕೊಳ್ಳಬಹುದು. ಗದ್ದೆಯ ಬದು ಎಲ್ಲಿ ಬಿದ್ದರೂ ಮನಸ್ಸುಗಳ ನಡುವೆ ಬದು ಬೀಳದಿದ್ದರೆ ಆ ಮನೆತನ ಉಳಿಯಿತು. ಒಬ್ಬಳ ಪಾಲನ್ನು ನುಂಗಿ ಅಖಂಡವಾಗಿ ಉಳಿಸಿದ ಎಂಟು ಎಕರೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ದಯಾಮಯನಾದ ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಮಾಡಲಿ, ನಮ್ಮ ಹಂಚಿಕೆಯನ್ನು ನ್ಯಾಯವಾಗಿಸಲಿ, ಯಾರ ಹಕ್ಕನ್ನೂ ಹೊತ್ತುಕೊಂಡು ಅವನ ಸನ್ನಿಧಿಗೆ ಹೋಗದಂತೆ ನಮ್ಮನ್ನು ಕಾಪಾಡಲಿ. ಆಮೀನ್.